ಆರು ಗುರುವಾರ

ನಮ್ಮೂರಿನಲ್ಲಿ ಯಾರ ಮನೆಗೆ ಹೋದರೂ ಹೊಸ್ತಿಲು ದಾಟುವ ಮುಂಚೆಯೇ ಯೋಗಕ್ಷೇಮದ ಮಾತು ಮುಗಿಸಿಬಿಡಬೇಕು. ಅಂಗಳದಲ್ಲಿ ನಿಂತು ಹೇಗಿದ್ದೀರಿ, ಎಲ್ಲ ಆರಾಮವೇ ಎಂದು ಕೇಳಿ, ಅವರು ಹೇಳಿದ್ದನ್ನು ಕೇಳಿಸಿಕೊಂಡು, ಆಮೇಲೆ ಒಳಗೆ ಕಾಲಿಡುವುದು. ಒಳಗೆ ಹೋದ ಮೇಲೆ ಊಟ ಆಯ್ತಾ, ಬಿಸಿಲು ಜಾಸ್ತಿ, ಬಸ್ಸು ತಡ, ಇಷ್ಟೇ. ಸರಿಯಿಲ್ಲದವರು ಒಳಗೆ ನಿಂತು ‘ಚೆನ್ನಾಗಿದ್ದೀನಿ’ ಅಂದರೆ ಹತ್ತಿರದ ಬಾಗಿಲು ಕಚ್ಚಿಕೊಳ್ಳುತ್ತದೆ. ತೆರೆದಿದ್ದರೂ ತಾನಾಗಿ ಮುಚ್ಚಿಕೊಂಡು ದಾರಂದವನ್ನು ಹಿಡಿದುಬಿಡುತ್ತದೆ. ಎರಡು ತಾಸು ಎಳೆದರೂ ಇಲ್ಲ, ಒದ್ದರೂ ಇಲ್ಲ, ಆಮೇಲೆ ಅದಾಗಿಯೇ ಬಿಡುತ್ತದೆ. ಕಬ್ಬಿಣದ ಬಾಗಿಲು ಹಾಕಿಸಿ ನೋಡಿದವರಿದ್ದಾರೆ, ಅದೂ ಕಚ್ಚುತ್ತದೆ. ನಮ್ಮೂರ ಬಸ್ಸುಗಳಲ್ಲಿ ಡ್ರೈವರ್ ತಲೆಯ ಮೇಲೆ ‘ಬಸ್ಸಿನೊಳಗೆ ಕುಶಲ ವಿಚಾರಿಸಬಾರದು’ ಎಂದು ಬರೆದಿರುತ್ತಾರೆ. ಹೆಣ್ಣು ನೋಡುವ ಶಾಸ್ತ್ರ ಚಪ್ಪರದಡಿಯಲ್ಲೇ ನಡೆಯುತ್ತದೆ. ಹೊರಗಿನವರಿಗೆ ವಿಚಿತ್ರ ಅನ್ನಿಸಬಹುದು. ನಮಗೆ ಅಭ್ಯಾಸ.

ಹೀಗೆ ಕಚ್ಚಿ ಕಚ್ಚಿ ಉಬ್ಬಿದ ಬಾಗಿಲುಗಳಿಗೆ ಹತ್ತರಿ ಹೊಡೆದು, ಮರ ಹೆರೆದು ಸರಿಮಾಡುವುದೇ ನನ್ನ ಅಪ್ಪ ವೀರಭದ್ರಾಚಾರ್ರ ಕೆಲಸ. ಅಪ್ಪ ಯಾವ ಮನೆಗೆ ಹೋದರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಮರವನ್ನು ಮಾತ್ರ ನೋಡುವುದು, ಯಾರಿಂದ ಕಚ್ಚಿತು ಎಂದು ಕೇಳದಿರುವುದು ಆ ಕಸುಬಿನ ಮರ್ಯಾದೆ. ಹಾಗಾಗಿಯೇ ಎಲ್ಲರೂ ಅವನನ್ನೇ ಕರೆಯುತ್ತಿದ್ದರು.

ನನ್ನ ಹೆಸರು ಹಂಸವೇಣಿ. ಆ ವರ್ಷ ನಾನು ಬಿಎಸ್ಸಿ ಎರಡನೇ ವರ್ಷ. ಕಾಲೇಜು ಊರ ಆ ತುದಿಯಲ್ಲಿ, ಮನೆ ಈ ತುದಿಯಲ್ಲಿ. ಆದರೂ ನನ್ನನ್ನು ಹಾಸ್ಟೆಲಿಗೆ ಸೇರಿಸಿದವಳು ಅಮ್ಮ. ಅಮ್ಮ ನಾಲ್ಕು ವರ್ಷ ಹಾಸಿಗೆ ಹಿಡಿದಿದ್ದಳು. ಸೊಂಟದಿಂದ ಕೆಳಗೆ ಸ್ವಾಧೀನವಿರಲಿಲ್ಲ. ಪಿಯುಸಿ ಮುಗಿಯುವವರೆಗೂ, ಡಿಗ್ರಿಯ ಮೊದಲ ವರ್ಷವೂ ಅವಳನ್ನು ತೊಳೆಯುವುದು, ಬಟ್ಟೆ ಬದಲಿಸುವುದು, ಹುಣ್ಣಾಗದ ಹಾಗೆ ಮೂರು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು ಎಲ್ಲ ನನ್ನದೇ. ಕೊನೆಗೆ ಅಮ್ಮನೇ ಹಟ ಹಿಡಿದು, ಅಪ್ಪನ ಅಕ್ಕ ಕಾಳಮ್ಮತ್ತೆಯನ್ನು ಮನೆಗೆ ಕರೆಸಿಕೊಂಡು, ನನ್ನನ್ನು ಹಾಸ್ಟೆಲಿಗೆ ಕಳಿಸಿದಳು. ಆದರೂ ಶನಿವಾರ ಭಾನುವಾರ ಹೋಗುತ್ತಿದ್ದೆ. ಆಷಾಢದ ಒಂದು ಭಾನುವಾರ ಬೆಳಿಗ್ಗೆ ಗಂಜಿ ಕುಡಿಸಲು ಹೋದಾಗ ಅಮ್ಮ ಇರಲಿಲ್ಲ.

ಹದಿಮೂರು ದಿನ ಕಳೆದು ಹಾಸ್ಟೆಲಿಗೆ ಬಂದೆ. ಅಲ್ಲಿಂದ ಶುರುವಾಯಿತು. ಹಾಸ್ಟೆಲಿನಲ್ಲಿ ಮನೆಯ ಫೋನು ಬಂದರೆ ಹುಡುಗಿಯರೆಲ್ಲ ಅಂಗಳದ ಬೇವಿನ ಮರದಡಿಗೆ ಓಡುತ್ತಿದ್ದರು. ಅಲ್ಲಿ ನಿಂತು ಎಷ್ಟು ಬೇಕಾದರೂ ಸುಳ್ಳು ಹೇಳಬಹುದು. ನನಗೆ ಅಲ್ಲಿಯವರೆಗೆ ನಡೆಯುವುದೇ ಆಗುತ್ತಿರಲಿಲ್ಲ. ಮೆಟ್ಟಿಲಿಳಿಯಬೇಕಲ್ಲ ಅನ್ನಿಸುತ್ತಿತ್ತು. ತಲೆ ಬಾಚಬೇಕಲ್ಲ ಅನ್ನಿಸುತ್ತಿತ್ತು. ಪುಸ್ತಕ ತೆರೆದರೆ ಅದೇ ಸಾಲನ್ನು ಹತ್ತು ಸಲ ಓದುತ್ತಿದ್ದೆ. ಅತ್ತೆ ಫೋನು ಮಾಡಿ “ಹೇಗಿದ್ದೀಯೇ?” ಅಂದಾಗ ಮಲಗಿದಲ್ಲಿಂದಲೇ “ಚೆನ್ನಾಗಿದ್ದೀನಿ ಅತ್ತೆ” ಅಂದೆ. ಹದಿನೇಳನೇ ನಂಬರಿನ ನಮ್ಮ ಕೋಣೆಯ ಬಾಗಿಲು ಕಚ್ಚಿಕೊಂಡಿತು.

ಮೊದಲ ಸಲ ನನ್ನ ರೂಮ್‌ಮೇಟ್ ಇಂಚರ ಏನೂ ಅನ್ನಲಿಲ್ಲ. ಕಿಟಕಿಯಿಂದ ಕೆಳಗಿನವರಿಗೆ ಕೂಗಿ ಹೇಳಿ ಮತ್ತೆ ಬಂದು ಓದುತ್ತ ಕೂತಳು. ಎರಡನೇ ಸಲ ಅವಳಿಗೆ ಒಂಬತ್ತು ಗಂಟೆಗೆ ಕೆಮಿಸ್ಟ್ರಿ ಟೆಸ್ಟ್ ಇತ್ತು. ಎಂಟೂವರೆಗೆ ಅತ್ತೆಯ ಫೋನು ಬಂತು. ಬಾಗಿಲು ಬಿಟ್ಟಾಗ ಹತ್ತೂವರೆ. ಇಂಚರ ಯೂನಿಫಾರ್ಮ್ ಹಾಕಿಕೊಂಡು, ಬ್ಯಾಗು ತೊಡೆಯ ಮೇಲಿಟ್ಟುಕೊಂಡು, ಅಷ್ಟು ಹೊತ್ತೂ ಮಂಚದ ಮೇಲೆ ನೆಟ್ಟಗೆ ಕೂತಿದ್ದಳು. ಕೂಗಾಡಲಿಲ್ಲ. ಬಾಗಿಲು ತೆರೆದ ಮೇಲೆ ನನ್ನನ್ನು ಅಂಗಳಕ್ಕೆ ಕರೆದುಕೊಂಡು ಹೋದಳು.

“ಹಂಸ, ನಿನಗೆ ಅಮ್ಮ ಹೋಗಿದ್ದಾರೆ. ನನಗೆ ಅರ್ಥ ಆಗುತ್ತೆ. ಆದರೆ ನನ್ನ ಟೆಸ್ಟೂ ಹೋಯ್ತು. ನೀನು ‘ಸರಿಯಿಲ್ಲ’ ಅಂತ ಹೇಳಿದ್ದರೆ ಏನೂ ಆಗ್ತಿರಲಿಲ್ಲ.”

“ಹೇಳಿದರೆ ಮನೆಗೆ ಕರೆಸಿಕೊಳ್ಳುತ್ತಾರೆ.”

“ಹೇಳದೇ ಇದ್ದರೆ ವಾರ್ಡನ್ನೇ ಕಳಿಸ್ತಾರೆ. ಇನ್ನೊಂದು ಸಲ ಅಷ್ಟೇ ಬಾಕಿ.”

ಅದು ನಿಜ. ತಿಂಗಳಿಗೆ ಮೂರು ಸಲ ಬಾಗಿಲು ಕಚ್ಚಿಸಿದವರು ಆ ವರ್ಷ ಮನೆಯಿಂದಲೇ ಓಡಾಡಬೇಕು ಎಂಬುದು ಹಾಸ್ಟೆಲಿನ ನಿಯಮ. ವಾರ್ಡನ್ ಸರ್ವಮಂಗಳಾ ಮೇಡಂ ಕೆಟ್ಟವರಲ್ಲ, ಆದರೆ ನಿಯಮ ಅಂದರೆ ನಿಯಮ. ಮನೆಗೆ ಹೋದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಅಡುಗೆ ನನ್ನ ಕೈಗೆ ಬರುತ್ತದೆ, ಅತ್ತೆ ತಂದ ಗಂಡುಗಳ ಫೋಟೋ ಬರುತ್ತದೆ, ಕಾಲೇಜು ಮೆಲ್ಲಗೆ ಬಿಟ್ಟುಹೋಗುತ್ತದೆ. ಯಾರೂ ಬಿಡು ಅನ್ನುವುದಿಲ್ಲ, ಅದಾಗಿಯೇ ಬಿಡುತ್ತದೆ. ಆ ಬೇವಿನ ಮರದಡಿ ನಿಂತು ತೀರ್ಮಾನ ಮಾಡಿದೆ. ತಲೆ ಬಾಚಲು ಆಗದಿದ್ದರೂ ಪರವಾಗಿಲ್ಲ, ಮನೆಗೆ ಮಾತ್ರ ಹೋಗುವುದಿಲ್ಲ.

“ಸೈಕಲ್ ಸ್ಟ್ಯಾಂಡ್ ಪಕ್ಕದ ಮೇಡಂ ಹತ್ತಿರ ಹೋಗು. ಅವರು ಚೀಟಿ ಕೊಟ್ಟರೆ ವಾರ್ಡನ್ ಸುಮ್ಮನಿರ್ತಾರೆ,” ಅಂದಳು ಇಂಚರ.

ಆ ಮೇಡಂ ಹೆಸರು ಜುಲೇಖಾ. ಕಾಲೇಜಿನ ಆಪ್ತ ಸಮಾಲೋಚಕಿ. ವಾರಕ್ಕೆ ಮೂರು ದಿನ ಹಳೆಯ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಕೂರುತ್ತಿದ್ದರು. ಸೈಕಲ್ ಸ್ಟ್ಯಾಂಡಿನಲ್ಲಿ ನಿಂತ ಯಾರಿಗಾದರೂ ಆ ಕೋಣೆಗೆ ಹೋಗುವವರು ಕಾಣುತ್ತಿದ್ದರು. ಹಾಗಾಗಿ ಹೋಗುವವರು ಮೊದಲು ಸೈಕಲ್ಲಿನ ಬೀಗ ಹುಡುಕುವವರ ಹಾಗೆ ಅಲ್ಲೇ ಸುಳಿದಾಡಿ, ಗುಂಪು ಕರಗಿದ ಮೇಲೆ ಒಳಗೆ ನುಗ್ಗುತ್ತಿದ್ದರು. ನನಗೆ ಸೈಕಲ್ಲೇ ಇರಲಿಲ್ಲ. ಗುರುವಾರ ಹನ್ನೆರಡೂವರೆಗೆ, ಎಲ್ಲರೂ ನೋಡುತ್ತಿರುವಾಗಲೇ, ನೆಟ್ಟಗೆ ನಡೆದುಕೊಂಡು ಹೋದೆ. ಚೀಟಿ ತಗೊಂಡು ಐದು ನಿಮಿಷದಲ್ಲಿ ಬರುವುದು ಎಂದುಕೊಂಡಿದ್ದೆ.

ಜುಲೇಖಾ ಮೇಡಮ್ಮಿಗೆ ಐವತ್ತರ ಹತ್ತಿರದ ವಯಸ್ಸು. ಕನ್ನಡಕ ಹಣೆಯ ಮೇಲಿತ್ತು, ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದರು. ಕೂತ್ಕೋ ಅಂದರು. ನಾನು ಕೂರಲಿಲ್ಲ.

“ನನಗೇನೂ ಆಗಿಲ್ಲ ಮೇಡಂ, ಚೆನ್ನಾಗೇ ಇದ್ದೀನಿ. ವಾರ್ಡನ್ನಿಗೆ ತೋರಿಸೋಕೆ ಒಂದು ಚೀಟಿ ಬೇಕಿತ್ತು.”

ನನ್ನ ಬೆನ್ನ ಹಿಂದೆ ಬಾಗಿಲು ದಡ್ ಎಂದು ಮುಚ್ಚಿಕೊಂಡು ಕಚ್ಚಿತು.

ಇದು ಮೂರನೆಯದು. ಮೇಡಂ ಮಾತ್ರ ಬಾಗಿಲ ಕಡೆ ಒಮ್ಮೆ ನೋಡಿ, ಗಡಿಯಾರ ನೋಡಿ, ಮೇಜಿನ ಕೆಳಗಿನಿಂದ ಊಟದ ಡಬ್ಬಿ ತೆಗೆದರು. “ಹೆದರಬೇಡ. ಈ ಕೋಣೆಯಲ್ಲಿ ಕಚ್ಚಿದ್ದು ವಾರ್ಡನ್ ಲೆಕ್ಕಕ್ಕೆ ಸೇರೋದಿಲ್ಲ. ಎರಡೂವರೆಗೆ ಬಿಡುತ್ತೆ. ಚಿತ್ರಾನ್ನ ಇದೆ, ತಿಂತೀಯಾ?”

“ನನಗೆ ಎರಡು ಗಂಟೆಗೆ ಪ್ರಾಕ್ಟಿಕಲ್ ಇದೆ.”

“ಆಮೇಲೆ ನಾನು ಹೇಳ್ತೀನಿ ನಿಮ್ಮ ಸರ್‌ಗೆ. ಹೋದ ವಾರ ಒಬ್ಬ ಫೈನಲ್ ಇಯರ್ ಹುಡುಗನ ಜೊತೆ ಸಂಜೆವರೆಗೂ ಕೂತಿದ್ದೆ. ಎರಡು ಸಲ ಕಚ್ಚಿಸಿದ. ಊಟ ಮುಗಿದಿತ್ತು, ಇಬ್ಬರೂ ಹಸ್ಕೊಂಡು ಕೂತ್ವಿ.”

ನನಗೆ ವಿಪರೀತ ಸಿಟ್ಟು ಬಂತು. ಅವರ ಮೇಲೋ ಬಾಗಿಲ ಮೇಲೋ ಗೊತ್ತಾಗಲಿಲ್ಲ. ಎರಡು ತಾಸು ಒಂದು ಮಾತೂ ಆಡಲಿಲ್ಲ. ಮೇಡಂ ಡಬ್ಬಿಯ ಮುಚ್ಚಳದಲ್ಲಿ ನನಗೂ ಒಂದಿಷ್ಟು ಹಾಕಿಟ್ಟರು, ತಾವು ತಿಂದರು, ಪೇಪರಿನ ಪದಬಂಧ ಬಿಡಿಸಿದರು. ಒಂದೂವರೆಯ ಹೊತ್ತಿಗೆ ನಾನು ಮುಚ್ಚಳ ಎಳೆದುಕೊಂಡು ತಿಂದೆ. ಎಷ್ಟೋ ದಿನದ ಮೇಲೆ ತಿಂದದ್ದರಲ್ಲಿ ಉಪ್ಪು ಹುಳಿ ಗೊತ್ತಾಯಿತು. ಬಾಗಿಲು ಬಿಟ್ಟಾಗ ಅವರು ಹೇಳಿದರು, “ಚೀಟಿ ಆರು ಸಲ ಬಂದರೆ ಕೊಡ್ತೀನಿ. ಈಗ ಸದ್ಯಕ್ಕೆ ‘ಬರುತ್ತಿದ್ದಾಳೆ’ ಅಂತ ಒಂದು ಸಾಲು ಬರೆದುಕೊಡ್ತೀನಿ. ಗುರುವಾರ, ಇದೇ ಹೊತ್ತು. ಮಾತಾಡಲೇಬೇಕು ಅಂತಿಲ್ಲ. ಸುಮ್ಮನಿರೋದು ಸುಳ್ಳಲ್ಲ.”

ಎರಡನೇ ಗುರುವಾರ ಸುಮ್ಮನೇ ಕೂತೆ. ಬಾಗಿಲು ತೆರೆದೇ ಇತ್ತು. ಮುಕ್ಕಾಲು ತಾಸು ಅವರೂ ಏನೂ ಕೇಳಲಿಲ್ಲ. ಏಳುವಾಗ ಮಾತ್ರ ನಿದ್ದೆ ಬರುತ್ತಾ ಎಂದರು. ಇಲ್ಲ ಅಂದೆ. ಎಷ್ಟು ದಿನದಿಂದ? ಹೇಳಿದೆ. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಒಬ್ಬ ಡಾಕ್ಟರು ಬರುತ್ತಾರೆ, ತೋರಿಸು ಎಂದು ಹೆಸರು ಬರೆದುಕೊಟ್ಟರು. ಇಂಚರ ಜೊತೆಗೆ ಬಂದಳು. ಡಾಕ್ಟರು ಎರಡು ತಿಂಗಳಿಗೆ ಮಾತ್ರೆ ಕೊಟ್ಟರು. ಮೊದಲ ವಾರ ಬಾಯಿ ಒಣಗಿತು, ಕ್ಲಾಸಿನಲ್ಲಿ ತೂಕಡಿಕೆ ಬಂತು. ಬಿಟ್ಟುಬಿಡೋಣ ಅನ್ನಿಸಿದಾಗಲೆಲ್ಲ ಅತ್ತೆಯ ಕೈಯಲ್ಲಿರುವ ಫೋಟೋಗಳನ್ನು ನೆನೆಸಿಕೊಂಡು ನುಂಗಿದೆ.

ಮೂರನೇ ಗುರುವಾರ ನಾನೇ ಶುರು ಮಾಡಿದೆ. ಅಮ್ಮನನ್ನು ಮಗ್ಗುಲು ಬದಲಿಸುವ ರೀತಿ ಹೇಳಿದೆ. ಒಂದು ಕೈ ಭುಜದ ಕೆಳಗೆ, ಒಂದು ಕೈ ಸೊಂಟದ ಕೆಳಗೆ, ಒಂದೇ ಉಸಿರಿಗೆ. ಹುಣ್ಣಿಗೆ ಪುಡಿ ಹಾಕುವುದು ಹೇಳಿದೆ. ಆ ಭಾನುವಾರ ಗಂಜಿಯ ಲೋಟ ಹಿಡಿದು ನಿಂತದ್ದು ಹೇಳಿದೆ. ಅಲ್ಲಿಗೆ ನಿಂತುಬಿಟ್ಟೆ. ಮೇಡಂ ಕಾದರು.

“ಆಮೇಲೆ ಅಪ್ಪನ್ನ ಕೂಗಿದೆ. ಜನ ಬಂದರು. ಅಳ್ತಿದ್ದರು. ನಾನು ಹಿಂದಿನ ಕೋಣೆಗೆ ಹೋಗಿ ಮಲಗಿದೆ ಮೇಡಂ. ಏಳು ತಾಸು ಮಲಗಿದ್ದೆ. ನಾಲ್ಕು ವರ್ಷದಲ್ಲಿ ಅಂಥ ನಿದ್ದೆ ಬಂದಿರಲಿಲ್ಲ. ಎದ್ದಾಗ ಮೈ ಹಗುರಾಗಿತ್ತು. ಹಸಿವಾಗಿತ್ತು. ಸದ್ಯ ಮುಗೀತು ಅನ್ನಿಸ್ತು. ಅಮ್ಮ ಹೊರಗೆ ಅಂಗಳದಲ್ಲಿ ಹೆಣವಾಗಿ ಮಲಗಿದ್ದಳು, ನನಗೆ ಸದ್ಯ ಅನ್ನಿಸ್ತು. ಅವತ್ತಿನಿಂದ ನನಗೆ ನಿದ್ದೆ ಇಲ್ಲ.”

ಇದನ್ನು ಕೇಳಿ ಅವರು ಎದ್ದು ನಿಲ್ಲುತ್ತಾರೆ, ಇಲ್ಲವೇ ನೀನು ಒಳ್ಳೆಯ ಮಗಳು ಕಣಮ್ಮ ಎಂದು ತಲೆ ಸವರುತ್ತಾರೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

“ಎರಡೂ ಇರಬಹುದು ಹಂಸ. ಮುಗೀಲಿ ಅನ್ನೋದೂ ಇರಬಹುದು, ಅಮ್ಮ ಬೇಕಿತ್ತು ಅನ್ನೋದೂ ಇರಬಹುದು. ಒಂದು ಇದ್ದರೆ ಇನ್ನೊಂದು ಸುಳ್ಳಾಗೋದಿಲ್ಲ. ನೀನು ಮೊದಲನೆಯದನ್ನೇ ಹಿಡ್ಕೊಂಡು ಕೂತಿದ್ದೀಯ. ಎರಡನೆಯದು ಎಲ್ಲಿ? ಹಾಸಿಗೆ ಹಿಡಿಯೋ ಮುಂಚೆ ಅಮ್ಮ ಹೇಗಿದ್ದರು?”

ನನಗೆ ನೆನಪಾಗಲಿಲ್ಲ. ಎಷ್ಟು ತಡಕಿದರೂ ಮಂಚದ ಮೇಲಿನ ಅಮ್ಮನೇ ಬಂದಳು. ನಿಂತಿರುವ ಅಮ್ಮ ಬರಲಿಲ್ಲ. ಅವತ್ತು ನಾನು ಮೊದಲ ಸಲ ಅತ್ತುಬಿಟ್ಟೆ. ಅಮ್ಮ ಸತ್ತದ್ದಕ್ಕಲ್ಲ, ಅವಳು ನಿಂತದ್ದು ನೆನಪಾಗದೇ ಹೋದದ್ದಕ್ಕೆ. ಮೇಡಂ ಅದನ್ನೇ ಮುಂದಿನ ವಾರದ ಕೆಲಸ ಅಂತ ಕೊಟ್ಟರು. ದಿನಕ್ಕೊಂದು ನೆನಪು. ಸಣ್ಣದಾದರೂ ಸರಿ.

ಶುಕ್ರವಾರ ಏನೂ ಸಿಗಲಿಲ್ಲ. ಶನಿವಾರ, ಸಂತೆಯಲ್ಲಿ ಹುಣಸೆಹಣ್ಣಿಗೆ ಚೌಕಾಸಿ ಮಾಡಿ ಗೆದ್ದ ಮೇಲೆ ಅಮ್ಮ ದಾರಿಯುದ್ದಕ್ಕೂ ನಗುತ್ತ ಬಂದದ್ದು ಸಿಕ್ಕಿತು. ಸೋಮವಾರ ಎರಡು ಸಿಕ್ಕವು. ಬುಧವಾರ ಬೆಳಿಗ್ಗೆ ಇಂಚರ ನನ್ನನ್ನು ಕೇಳಿದಳು, ಕೋಣೆಯೊಳಗೇ, ಬಾಗಿಲ ಪಕ್ಕದಲ್ಲೇ ನಿಂತು, ಬೇಕೆಂದೇ. “ಹೇಗಿದ್ದೀಯ?”

“ಸರಿಯಿಲ್ಲ,” ಅಂದೆ. “ಆದರೆ ಇವತ್ತಿನ ಟೆಸ್ಟ್ ಬರೀತೀನಿ.”

ಬಾಗಿಲು ಸುಮ್ಮನಿತ್ತು. ಟೆಸ್ಟಿಗೆ ಇಪ್ಪತ್ತಕ್ಕೆ ಒಂಬತ್ತು ಬಂತು. ಹಿಂದಿನದಕ್ಕೆ ನಾನು ಹೋಗಿಯೇ ಇರಲಿಲ್ಲ.

ನಾಲ್ಕನೇ ಗುರುವಾರ ಮೇಡಂ ಕೋಣೆಯಿಂದ ಹೊರಗೆ ಬಂದಾಗ ಸೈಕಲ್ ಸ್ಟ್ಯಾಂಡಿನಲ್ಲಿ ಅಪ್ಪ ನಿಂತಿದ್ದ. ಪರೀಕ್ಷೆಗಳು ಹತ್ತಿರ ಬಂದು ಬಾಗಿಲುಗಳು ಕಚ್ಚುವುದು ಹೆಚ್ಚಾಗಿ ಕಾಲೇಜಿನವರು ಕರೆಸಿದ್ದರು. ಕ್ಯಾರಿಯರಿಗೆ ಸಾಮಾನಿನ ಚೀಲ ಕಟ್ಟಿತ್ತು. ಅವನು ನನ್ನನ್ನೂ, ನನ್ನ ತಲೆಯ ಮೇಲಿದ್ದ ‘ಆಪ್ತ ಸಮಾಲೋಚನೆ’ ಎಂಬ ಬೋರ್ಡನ್ನೂ ನೋಡಿದ.

“ಇಲ್ಲೇನು ಕೆಲಸ ನಿನಗೆ?”

“ಮೇಡಂ ಹತ್ತಿರ ಬರ್ತಿದ್ದೀನಪ್ಪ. ನಾಲ್ಕು ವಾರ ಆಯ್ತು.”

“ಯಾಕೆ?”

“ನಿದ್ದೆ ಬರ್ತಿರಲಿಲ್ಲ. ಓದೋಕೆ ಆಗ್ತಿರಲಿಲ್ಲ. ಅಮ್ಮನ ವಿಷಯ ಮಾತಾಡ್ತೀನಿ.”

ಅಪ್ಪನ ಮುಖ ಬಿಗಿಯಿತು. “ಮನೆ ವಿಷಯ ಹೊರಗಿನವರ ಹತ್ತಿರ ಹೇಳ್ತೀಯಾ? ಊರಿನಲ್ಲಿ ನೂರು ಮನೆ ಬಾಗಿಲು ನೋಡಿದ್ದೀನಿ ನಾನು. ಒಂದು ಮನೆ ಮಾತು ಇನ್ನೊಂದು ಮನೆಗೆ ಮುಟ್ಟಿಸಿಲ್ಲ. ನನ್ನ ಮಗಳು ಇಲ್ಲಿ ಬಂದು ನಮ್ಮನೇದನ್ನೇ ಹರಡ್ಕೊಂಡು ಕೂತವ್ಳೆ. ಅದಕ್ಕೇ ನಿಮ್ಮತ್ತೆ ಹೇಳಿದ್ದು, ಮನೆಗೆ ಕರ್ಕೊಂಡು ಬಾ ಅಂತ. ನಡಿ, ಬಟ್ಟೆ ಕಟ್ಕೋ.”

ಹುಡುಗರು ಸೈಕಲ್ ತೆಗೆಯುವುದನ್ನು ಬಿಟ್ಟು ನೋಡುತ್ತಿದ್ದರು. ಅಪ್ಪನಿಗೆ ಎದುರು ಮಾತಾಡಿದ್ದು ನನಗೆ ನೆನಪೇ ಇಲ್ಲ.

“ಬರಲ್ಲಪ್ಪ. ಇನ್ನೂ ಎರಡು ಸಲ ಹೋಗಬೇಕು. ಪರೀಕ್ಷೆ ಬರೀಬೇಕು. ಅಮ್ಮ ನನ್ನನ್ನ ಇಲ್ಲಿಗೆ ಕಳಿಸಿದ್ದು ವಾಪಸ್ ಬರಲಿ ಅಂತ ಅಲ್ಲ.”

ಅಪ್ಪ ಚೀಲ ಬಿಚ್ಚಿಕೊಂಡು ಕೆಮಿಸ್ಟ್ರಿ ಲ್ಯಾಬಿನ ಕಡೆ ಹೋದ. ಮಧ್ಯಾಹ್ನವೆಲ್ಲ ಅವನ ಹತ್ತರಿಯ ಸದ್ದು ಕ್ಲಾಸಿಗೆ ಕೇಳಿಸುತ್ತಿತ್ತು. ಸಂಜೆ ನನಗೆ ಹೇಳದೆ ಹೊರಟುಹೋದ. ಆ ವಾರ ಮನೆಯಿಂದ ಫೋನು ಬರಲಿಲ್ಲ. ನಾನೂ ಮಾಡಲಿಲ್ಲ. ಐದನೇ ಗುರುವಾರ ಪೂರ್ತಿ ಅಪ್ಪನ ಮೇಲಿನ ಸಿಟ್ಟಿಗೇ ಹೋಯಿತು. ಮೇಡಂ ಒಂದೇ ಒಂದು ಪ್ರಶ್ನೆ ಕೇಳಿದರು. “ಆ ನಾಲ್ಕು ವರ್ಷ ಅಪ್ಪ ಎಲ್ಲಿದ್ದರು?”

“ಕೆಲಸಕ್ಕೆ ಹೋಗ್ತಿದ್ದ,” ಅಂದೆ. ಅನ್ನುವಾಗಲೇ ಆ ಉತ್ತರ ಸಾಲದು ಅನ್ನಿಸಿತು.

ಭಾನುವಾರ ಬೆಳಿಗ್ಗೆ ಅಪ್ಪ ಹಾಸ್ಟೆಲಿಗೆ ಬಂದ. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡಿದ್ದ. ನಾನು ಅಂಗಳದಲ್ಲೇ ಕೂರಿಸಲು ಕುರ್ಚಿ ತಂದೆ. ಅಪ್ಪ ಬೇಡ ಅಂದ. “ಒಳಗೆ ಕೂರೋಣ.” ಭೇಟಿಗೆ ಬಂದವರಿಗೆಂದು ಹಾಸ್ಟೆಲಿನ ಬಾಗಿಲಲ್ಲೇ ಒಂದು ಸಣ್ಣ ಕೋಣೆಯಿದೆ. ಅಲ್ಲಿಗೆ ಹೋದೆವು. ನಮ್ಮೂರಿನಲ್ಲಿ ಅಪ್ಪನಷ್ಟು ಬಾಗಿಲು ಬಲ್ಲವರು ಇನ್ನೊಬ್ಬರಿಲ್ಲ. ಅವನೇ ಬಾಗಿಲು ಮುಂದೆ ಮಾಡಿ, ಅದಕ್ಕೆ ಬೆನ್ನು ಕೊಟ್ಟು ಕೂತ.

“ನಾನು ಚೆನ್ನಾಗಿಲ್ಲ ಹಂಸ,” ಅಂದ.

ಹೊರಗೆ ಯಾರೋ ಬಟ್ಟೆ ಒಗೆಯುತ್ತಿದ್ದರು.

“ನಿಮ್ಮಮ್ಮ ಮಲಗಿದ ಮೇಲೆ ನಾನು ಪರವೂರಿನ ಮರಗೆಲಸ ಹಿಡೀತಾ ಇದ್ದೆನಲ್ಲ. ಎರಡು ದಿನ, ಮೂರು ದಿನ ಬರ್ತಿರಲಿಲ್ಲ. ಕೆಲಸ ಇಲ್ಲೇ ಬೇಕಾದಷ್ಟಿತ್ತು. ಊರವರನ್ನ ಆಮೇಲೆ ಬನ್ನಿ ಅಂತ ಕಳಿಸಿ ಅಲ್ಲಿಗೆ ಹೋಗ್ತಿದ್ದೆ. ಅವಳನ್ನ ಹಾಗೆ ನೋಡೋಕೆ ಆಗ್ತಿರಲಿಲ್ಲ. ನೀನಿದ್ದೀಯಲ್ಲ ಅಂತ ಹೋಗ್ತಿದ್ದೆ. ನಿನಗೆ ಆಗ ಹದಿನಾರು.”

ನಾನು ಅವನ ಮುಖ ನೋಡಿದೆ. ಅಳುತ್ತಿರಲಿಲ್ಲ. ಮರದ ಗೆರೆ ನೋಡುವ ಹಾಗೆ ನೆಲ ನೋಡುತ್ತಿದ್ದ. ಇರಲಿ ಬಿಡಪ್ಪ ಎನ್ನುವ ಮಾತು ನಾಲಗೆಯ ತುದಿಗೆ ಬಂತು. ಅದನ್ನು ಹೇಳಿದ್ದರೆ ಅವನಿಗೂ ಸುಲಭ, ನನಗೂ ಸುಲಭ. ಹೇಳಲಿಲ್ಲ.

“ನನಗೆ ಸಿಟ್ಟಿದೆ ಅಪ್ಪ. ಬಹಳ ಸಿಟ್ಟಿದೆ.”

“ಹೂಂ.”

“ಒಂದೆರಡು ದಿನಕ್ಕೆ ಹೋಗೋ ಸಿಟ್ಟಲ್ಲ.”

“ಇರಲಿ,” ಅಂದ ಅಪ್ಪ. “ಇಟ್ಕೋ. ಮನೆಗೆ ಬಾ ಅಂತ ಹೇಳೋಕೆ ಬರಲಿಲ್ಲ. ನಿಮ್ಮತ್ತೆಗೂ ಫೋಟೋ ತರಬೇಡ ಅಂತ ಹೇಳಿದ್ದೀನಿ. ಇದನ್ನ ಹೇಳಬೇಕಿತ್ತು, ಅದಕ್ಕೆ ಬಂದೆ.” ಎದ್ದು ನಿಂತ. ಹೋಗುವಾಗ ಬೇರೆ ಯಾರದೋ ವಿಷಯ ಕೇಳುವವನ ಹಾಗೆ ಕೇಳಿದ. “ಆ ಮೇಡಂ ಏನೇನು ಕೇಳ್ತಾರೆ?”

“ಹೆಚ್ಚೇನೂ ಕೇಳಲ್ಲ. ಕಾಯ್ತಾರೆ.”

ಅಪ್ಪ ತಲೆಯಾಡಿಸಿದ. ಅವನು ಹೋದ ಮೇಲೆ ನಾನು ಬಟ್ಟೆ ಒಗೆದೆ, ತಲೆಗೆ ಎಣ್ಣೆ ಹಚ್ಚಿಕೊಂಡೆ, ಎರಡು ಅಧ್ಯಾಯ ಓದಿದೆ. ಮೊದಲನೆಯದು ಅರ್ಥವಾಯಿತು, ಎರಡನೆಯದು ಆಗಲಿಲ್ಲ. ಇಂಚರಳ ಹತ್ತಿರ ಹೇಳಿಸಿಕೊಂಡೆ. ಹೇಳಿಕೊಟ್ಟು ಮುಗಿಸಿ ಅವಳು, ತಪ್ಪಿದ ಟೆಸ್ಟನ್ನು ಮತ್ತೆ ಬರೆಯಲು ಜುಲೇಖಾ ಮೇಡಂ ಅವಕಾಶ ಕೊಡಿಸಿದ್ದಾರೆ ಅಂದಳು. ಹೋಗಿ ಕೇಳಿದ್ದು ಅವಳೇ. ನನ್ನ ಹೆಸರು ಎತ್ತಿರಲಿಲ್ಲ.

ಆರನೇ ಗುರುವಾರ ಮೇಡಂ ಚೀಟಿ ಕೊಟ್ಟರು. ಇನ್ನು ಬೇಕಾದಾಗ ಬಾ, ಬೇಡವಾದರೆ ಬರಬೇಡ, ಮಾತ್ರೆ ಮಾತ್ರ ಡಾಕ್ಟರು ಹೇಳುವವರೆಗೆ ನಿಲ್ಲಿಸಬೇಡ ಅಂದರು. ಪರೀಕ್ಷೆ ಮುಗಿಯುವವರೆಗೆ ಬರುತ್ತೇನೆ ಅಂದೆ. ಚೀಟಿ ಮಡಿಸಿಕೊಂಡು ಹೊರಗೆ ಬಂದೆ.

ಗೋಡೆಯ ಪಕ್ಕದ ಬೆಂಚಿನ ಮೇಲೆ ಇಬ್ಬರು ಹುಡುಗಿಯರ ನಡುವೆ ಅಪ್ಪ ಕೂತಿದ್ದ. ಸಾಮಾನಿನ ಚೀಲ ತಂದಿರಲಿಲ್ಲ. ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡಿದ್ದ. ಸೈಕಲ್ ಸ್ಟ್ಯಾಂಡಿನಲ್ಲಿ ಕಾಲೇಜಿನ ಅರ್ಧ ಜನ ನಿಂತಿದ್ದರು. ಅವರಲ್ಲಿ ಎಷ್ಟೋ ಜನರ ಮನೆಯ ಬಾಗಿಲುಗಳಿಗೆ ಅವನು ಹತ್ತರಿ ಹೊಡೆದಿದ್ದ.

“ಕಾಲೇಜಿನ ಕೆಲಸದವರೂ ಬರಬಹುದಂತೆ. ಬೋರ್ಡಿನಲ್ಲಿ ಬರೆದವ್ರೆ,” ಅಂದ.

ನಾನು ಅವನ ಪಕ್ಕ ಕೂರಲು ಹೋದೆ. ನಾಲ್ಕು ವರ್ಷದ ಅಭ್ಯಾಸ. ಯಾರಾದರೂ ನೋವಿನಲ್ಲಿದ್ದರೆ ನನ್ನ ಕಾಲು ತಾನಾಗಿ ಅಲ್ಲಿ ನಿಂತುಬಿಡುತ್ತದೆ. ಮೇಡಮ್ಮಿಗೆ ಮೊದಲು ನಾನೇ ಒಂದು ಮಾತು ಹೇಳಿಬಿಡಲೇ, ಅಪ್ಪನಿಗೆ ಮಾತು ಹೊರಡುವುದಿಲ್ಲ ಎಂದು ತಿಳಿಸಲೇ, ಮುಗಿಯುವವರೆಗೆ ಇಲ್ಲೇ ಕಾಯಲೇ ಎಂದೆಲ್ಲ ಮನಸ್ಸು ಓಡಿತು.

“ನಿನಗೆ ಕ್ಲಾಸಿಲ್ವಾ?” ಅಂದ ಅಪ್ಪ.

“ಇದೆ. ಫಿಸಿಕ್ಸ್.”

“ಹಾಗಾದ್ರೆ ಹೋಗು. ನಂದು ನಾನೇ ಹೇಳ್ತೀನಿ.”

ಗಂಟೆ ಹೊಡೆಯಿತು. ಒಳಗಿನಿಂದ ಮೇಡಂ ಮುಂದಿನವರನ್ನು ಕರೆದರು. ಅಪ್ಪ ಎದ್ದು ಶರ್ಟು ಎಳೆದುಕೊಂಡ. ನಾನು ಒಂದು ಗಳಿಗೆ ನಿಂತೆ.

ಆಮೇಲೆ ಹೋದೆ.